ಕೂದ್ಲು ಅರ್ಧ ಬೆನ್ನಿಗೇ ನಿಂತೋಗಿದೆ, ತುದಿಯೆಲ್ಲಾ ಸೀಳು. ಉದ್ದ ಬಿಡೋದು ಹೇಗೆ?

ತೀರ್ಥಳ್ಳಿ_ಹುಡ್ಗಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ನಂದು ಊರು ತೀರ್ಥಹಳ್ಳಿ ಹತ್ರ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಮಾರತಹಳ್ಳಿ ಕಡೆ ಪೀಜಿಲಿದೀನಿ. ಕಾಲೇಜಲ್ಲಿದ್ದಾಗ ಸೊಂಟ ದಾಟೋ ಜಡೆ ಇತ್ತು, ಈಗ ಅರ್ಧ ಬೆನ್ನಿಂದ ಕೆಳಗೆ ಇಳೀತಾನೇ ಇಲ್ಲ. ಜಡೆ ಹಾಕಿದ್ರೆ ಮೇಲೆ ದಪ್ಪಗೇ ಇರುತ್ತೆ, ಕೆಳಗೆ ಬರ್ತಾ ಬರ್ತಾ ಇಲಿ ಬಾಲ. ತುದಿ ಬೆಳಕಿಗೆ ಹಿಡಿದು ನೋಡಿದ್ರೆ ಒಂದೊಂದು ಕೂದ್ಲು ಎರಡು ಮೂರು ಸೀಳಾಗಿರುತ್ತೆ, ಕೆಲವು ಕಡೆ ಮಧ್ಯದಲ್ಲೇ ಬಿಳಿ ಚುಕ್ಕೆ ಥರ ಇದ್ದು ಅಲ್ಲೇ ಪಟ್ ಅಂತ ಮುರಿಯುತ್ತೆ.

ನನ್ನ ರೂಟೀನ್ ಹೇಳ್ತೀನಿ, ಬೈಬೇಡಿ. ಧೂಳು ಅಂತ ದಿನ ಬಿಟ್ಟು ದಿನ ತಲೆಸ್ನಾನ, ಪೀಜಿಲಿ ಟ್ಯಾಂಕರ್ ನೀರು ಇಲ್ಲಾ ಬೋರ್ ನೀರು, ಬಕೆಟ್ ಒಳಗೆಲ್ಲಾ ಬಿಳಿ ಪೊರೆ ಕಟ್ಟಿದೆ. ಎಂಟು ಗಂಟೆಗೆ ಕ್ಯಾಬ್ ಬರುತ್ತೆ, ಹಾಗಾಗಿ ಅರ್ಧಂಬರ್ಧ ಒಣಗಿರೋ ಕೂದ್ಲಿಗೇ ಸ್ಟ್ರೇಟ್ನರ್. ಹೋದ್ ವರ್ಷ ತಂಗಿ ಮದುವೆಗೆ ಅಂತ ಹೈಲೈಟ್ಸ್ ಮಾಡಿಸ್ದೆ. ವೀಕೆಂಡಲ್ಲಿ ಫ್ರೆಂಡ್ ಸ್ಕೂಟಿ, ಹೆಲ್ಮೆಟ್.

ಅಮ್ಮ ಹೇಳೋದು ಶಾಂಪೂ ಬಿಟ್ಟು ಸೀಗೆಕಾಯಿ ಹಾಕು ಅಂತ. ರೂಮ್‌ಮೇಟ್ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೋ ಅಂತಾಳೆ. ಪಾರ್ಲರಲ್ಲಿ ಕೆರಟಿನ್ ಮಾಡಿಸಿ, ಎರಡು ತಿಂಗಳಿಗೊಮ್ಮೆ ಟ್ರಿಮ್ ಮಾಡಿಸಿದ್ರೆ ಬೇಗ ಬೆಳೆಯುತ್ತೆ ಅಂದ್ರು, ಹಾಗೇ ಟ್ರಿಮ್ ಮಾಡಿಸ್ತಾನೂ ಇದೀನಿ. ಯಾವ್ದು ನಿಜ? ನನ್ನ ಕೂದ್ಲು ಬೆಳೆಯೋದೇ ನಿಂತೋಯ್ತಾ?

ಕತ್ರಿ_ಅಕ್ಕ:

ಬೆಳೆಯೋದು ನಿಂತಿಲ್ಲ ಕಣಮ್ಮ. ನಾನು ಮೈಸೂರಲ್ಲಿ ಪಾರ್ಲರ್ ಇಟ್ಕೊಂಡಿರೋಳು, ನಿನ್ನಂಥ ತಲೆ ದಿನಾ ನೋಡ್ತೀನಿ. ಬುಡದಲ್ಲಿ ಬೆಳೀತಿದೆ, ತುದೀಲಿ ಅಷ್ಟೇ ಮುರೀತಿದೆ, ಅದಕ್ಕೆ ಉದ್ದ ಅಲ್ಲೇ ನಿಂತಂಗೆ ಕಾಣುತ್ತೆ. ಮೊದಲು ಒಂದು ಕೆಲಸ ಮಾಡು, ಬಾಚಿದಾಗ ಬಾಚಣಿಗೇಲಿ ಬರೋ ಕೂದ್ಲನ್ನ ಎಸೀಬೇಡ, ಬಿಳಿ ಪೇಪರ್ ಮೇಲೆ ಹರಡಿ ನೋಡು. ಉದ್ದ ಕೂದ್ಲು, ಒಂದು ತುದೀಲಿ ಸಣ್ಣ ಬಿಳಿ ಗಂಟು ಇದ್ರೆ ಅದು ಬುಡದಿಂದ ಉದುರಿದ್ದು, ದಿನಕ್ಕೆ 50ರಿಂದ 100 ಉದುರೋದು ಎಲ್ಲರಿಗೂ ಇರೋದೇ. ಗಂಟು ಇಲ್ದೆ ಗಿಡ್ಡ ಗಿಡ್ಡ ತುಂಡು ಜಾಸ್ತಿ ಇದ್ರೆ ಅದು ಮುರಿದಿದ್ದು. ಉದುರೋದಕ್ಕೆ ಔಷಧಿ ಬೇರೆ, ಮುರಿಯೋದಕ್ಕೆ ಬೇರೆ, ಜನ ಎರಡನ್ನೂ ಸೇರಿಸಿ ಎಣ್ಣೆ ಮೇಲೆ ಎಣ್ಣೆ ಬದಲಾಯಿಸ್ತಾ ಇರ್ತಾರೆ.

ಈಗ ಟ್ರಿಮ್ ವಿಷಯಕ್ಕೆ ಬರ್ತೀನಿ, ನನ್ನ ಹೊಟ್ಟೆಪಾಡಿಗೆ ನಾನೇ ಕಲ್ಲು ಹಾಕ್ಕೊಂಡಂಗೆ ಆದ್ರೂ ಹೇಳ್ತೀನಿ. ತುದಿ ಕತ್ತರಿಸಿದ್ರೆ ಬೇಗ ಬೆಳೆಯುತ್ತೆ ಅನ್ನೋದು ಸುಳ್ಳು, ತುದಿ ಸತ್ತಿರೋ ವಸ್ತು, ಅಲ್ಲಿ ಕತ್ತರಿಸಿದ್ದು ಬುಡಕ್ಕೆ ಗೊತ್ತೂ ಆಗಲ್ಲ. ಕೂದ್ಲು ಬೆಳೆಯೋದು ತಿಂಗಳಿಗೆ ಹೆಚ್ಚು ಕಮ್ಮಿ 1 ಸೆಂಟಿಮೀಟರ್, ಸ್ವಲ್ಪ ಮೇಲೆ ಕೆಳಗೆ. ಎರಡು ತಿಂಗಳಿಗೆ ಎರಡು, ಎರಡೂವರೆ ಸೆಂಟಿಮೀಟರ್ ಆಯ್ತು. ಪಾರ್ಲರಲ್ಲಿ ಲೆವೆಲ್ ಮಾಡ್ತೀನಿ ಅಂತ ಒಂದಿಂಚು ಹಾರಿಸಿದ್ರೆ ಅದೇ ಎರಡೂವರೆ ಸೆಂಟಿಮೀಟರ್. ಬೆಳೆದಿದ್ದೆಲ್ಲಾ ನೆಲದ ಮೇಲೆ! ಹಂಗಂತ ಕತ್ತರಿಸ್ಲೇಬೇಡ ಅಂತಲ್ಲ, ಸೀಳಿದ್ದು ಸೀಳ್ತಾನೇ ಮೇಲಕ್ಕೆ ಹತ್ತುತ್ತೆ, ಮಧ್ಯದಲ್ಲಿ ಬಿಳಿ ಚುಕ್ಕೆ ಅಂದ್ಯಲ್ಲ ಅಲ್ಲಿ ಕೂದಲಿನ ಹೊರಪದರ ಒಡೆದು ಒಳಗಿನ ಎಳೆ ಬಿಚ್ಕೊಂಡಿರುತ್ತೆ, ಅದನ್ನ ಯಾವ ಸೀರಮ್ಮೂ ಮತ್ತೆ ಕೂಡಿಸಲ್ಲ, ಅಂಟಿಸಿದಂಗೆ ಎರಡು ದಿನ ಕಾಣ್ಸುತ್ತೆ ಅಷ್ಟೇ.

ನಾನು ಹೇಳೋದು ಇಷ್ಟು, ಒಂದ್ಸಲ ಧೈರ್ಯ ಮಾಡಿ ಇಲಿ ಬಾಲ ಆಗಿರೋ ಭಾಗದಲ್ಲಿ ತೀರಾ ಹಾಳಾಗಿರೋದನ್ನ ತೆಗೆಸ್ಬಿಡು. ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಕಾಲಿಂಚು ಸಾಕು. ನಡುವೆ ಭಾನುವಾರ ಬಿಸಿಲಲ್ಲಿ ಕೂತು ಹೆಗಲ ಮೇಲೆ ಬಿಳಿ ಬಟ್ಟೆ ಹಾಕ್ಕೊಂಡು ಸಣ್ಣ ಸಣ್ಣ ಎಳೆ ತಿರುಚಿ ನೋಡು, ಸೀಳಿರೋದಷ್ಟೇ ಹೊರಗೆ ಎದ್ದು ಕಾಣುತ್ತೆ, ಸೀಳಿಗಿಂತ ಅರ್ಧ ಇಂಚು ಮೇಲೆ ಕತ್ತರಿಸು, ಉಳಿದಿದ್ದು ಮುಟ್ಬೇಡ. ಉದ್ದಾನೂ ಹೋಗಲ್ಲ. ಆದ್ರೆ ಕತ್ರಿ ಕೂದಲಿನದ್ದೇ ಆಗ್ಬೇಕು, ಹಾಲಿನ ಪ್ಯಾಕೆಟ್ ಕತ್ತರಿಸೋ ಕತ್ರಿ ತಂದ್ಯೋ ಅದು ಕತ್ತರಿಸಲ್ಲ ಜಜ್ಜುತ್ತೆ, ಜಜ್ಜಿದ ಜಾಗದಲ್ಲೇ ಹೊಸ ಸೀಳು.

ಹುಬ್ಬಳ್ಳಿ_ಅಕ್ಕೋರು:

ತಂಗಿ, ದಿನಾ ಸ್ಟ್ರೇಟ್ನರ್ ಹಚ್ಚಿ ಕೂದಲ ಯಾಕ ಹರೀತಾವು ಅಂತ ಕೇಳಾಕತ್ತಿಯಲ್ಲ, ನಗಬೇಕೋ ಬೈಬೇಕೋ ತಿಳೀವಲ್ದು. ನಮ್ಮ ಕಡೆ ವಾರಕ್ಕೊಮ್ಮೆ ತಲಿ ಎರಕೊಳ್ಳೂದು, ಹಿಂದಿನ ದಿನಾ ಕೊಬ್ಬರಿ ಎಣ್ಣಿ, ಮರುದಿನ ತಲಿ ತೊಳ್ಯಾಕ ಚಿಗರಿ ಎಲಿ ಪುಡಿ. ಸೀಗಿಕಾಯಿಗಿಂತ ಚಿಗರಿ ಸೌಮ್ಯ, ಕಣ್ಣಿಗೂ ಅಷ್ಟ ಉರಿಯಂಗಿಲ್ಲ, ತಲಿ ತಂಪ ಅನಸ್ತದ. ಆದ್ರ ಅಂಗಡ್ಯಾಗಿನ ಪುಡಿ ತಂದ್ರ ಮಲ್ ಬಟ್ಯಾಗ ಸೋಸಿ ತಗೋ, ಕಡ್ಡಿ ಉಳದ್ರ ತೊಳ್ಯೂ ಮುಂದ ಕೂದಲ ತಿಕ್ಕಿ ತಿಕ್ಕಿ ಹರೀತಾವು. ಅಂಟವಾಳ ಬ್ಯಾಡ ನಿನಗ, ಈಗಾಗಲೇ ಒಣಗಿದ ಕೂದಲ ಇನ್ನಷ್ಟ ಕಡ್ಡಿ ಆಗ್ತದ.

ನಿಮ್ಮ ಮಂದಿ ಹುಡುಗ್ಯಾರು ತೊಳಕೊಂಡ ಬಂದ ಕೂಡ್ಲೇ ಬಗ್ಗಿ ಟಾವೆಲ್ ತಗೊಂಡು ಪಟಾ ಪಟಾ ಝಾಡಸ್ತೀರಲ್ಲ, ಅದನ್ನ ಇವತ್ತ ಬಿಡು. ಹಸಿ ಕೂದಲಕ್ಕ ಶಕ್ತಿ ಇರೂದಿಲ್ಲ. ಹಳೇ ಕಾಟನ್ ಸೀರಿ ತುಂಡ ತಗೊಂಡು ಹಗೂರಕ ಸುತ್ತಿ ನೀರ ಇಳಿಸು. ಒಣಗಿದ ಮ್ಯಾಲೆ ಮೊದಲ ಬಟ್ಟೀಲೆ ಸಿಕ್ಕ ಬಿಡಸು, ತುದಿಯಿಂದ ಶುರು ಮಾಡಿ ಮ್ಯಾಲ ಮ್ಯಾಲ ಹೋಗು, ಆಮ್ಯಾಲೆ ಅಗಲ ಹಲ್ಲಿನ ಹಣಗಿ. ಮ್ಯಾಲಿಂದ ಜಗ್ಗಿದ್ರ ಎಲ್ಲಾ ಸಿಕ್ಕು ಕೆಳಗ ಬಂದು ಗಂಟಾಗಿ ಕಟ್ ಅಂತದ. ನಮ್ಮವ್ವ ಹೆರಳ ಹಾಕೂ ಮುಂದ ಕೂದಲ ಬುಡದ ಕಡೆ ಒಂದ ಕೈಲೆ ಗಟ್ಟಿ ಹಿಡದು ಇನ್ನೊಂದ ಕೈಲೆ ಬಾಚ್ತಿದ್ಲು, ಜಗ್ಗು ಬುಡಕ್ಕ ತಾಗಬಾರ್ದಂತ. ಮತ್ತ ರಾತ್ರಿ ಬಿಟಗೂದಲಾ ಮಲಗಬ್ಯಾಡ. ಸಡ್ಲ ಹೆರಳ ಹಾಕ್ಕೊಂಡ ಮಲಗು.

ಪಿಎಚ್_ಏಳು:

ಅಕ್ಕೋರು ಹೇಳಿದ ಕೈಕೆಲಸ ಎಲ್ಲಾ ನೂರಕ್ಕೆ ನೂರು ಸರಿ. ಆದ್ರೆ ಶಾಂಪೂ ವಿಲನ್, ಪುಡಿ ಹೀರೋ ಅನ್ನೋ ಕಥೆ ಮಾತ್ರ ಒಪ್ಪಲ್ಲ. ನಾನು ಕಾಸ್ಮೆಟಿಕ್ ಫಾರ್ಮುಲೇಶನ್ ಕೆಲಸದಲ್ಲಿರೋನು, ಹಾಗಾಗಿ ಪಕ್ಷಪಾತ ಅಂತ ಬೇಕಾದ್ರೆ ಅಂದ್ಕೊಳಿ. ಸೀಗೆಕಾಯಿ, ಅಂಟುವಾಳ ನೊರೆ ಕೊಡೋದು ಸಪೋನಿನ್‌ನಿಂದ, ಅದೂ ಎಣ್ಣೆ ಕೊಳೆ ತೆಗೆಯೋ ಪದಾರ್ಥಾನೇ. ತುಂಡಾಗೋ ಕೂದಲಿಗೆ ಬೇಕಾಗಿರೋದು ತೊಳೆದ ಮೇಲೆ ಜಾರಿಕೆ. ಅಜ್ಜಿಯರು ದಾಸವಾಳದ ಎಲೆ ಕಿವುಚಿ ಲೋಳೆ ಹಚ್ತಿದ್ದಿದ್ದು, ಮೆಂತ್ಯ ನೆನೆಸಿ ರುಬ್ಬಿ ಹಚ್ತಿದ್ದಿದ್ದು ಅದಕ್ಕೇ. ಪೀಜಿಲಿ ಅದೆಲ್ಲಾ ಆಗಲ್ಲ ಅಂದ್ರೆ ಕಂಡೀಷನರ್. ಹಾಳಾದ ಕೂದಲಿನ ಮೇಲ್ಮೈಲಿ ನೆಗೆಟಿವ್ ಚಾರ್ಜ್ ಜಾಸ್ತಿ, ಕಂಡೀಷನರಲ್ಲಿರೋ ಬೆಹೆನ್‌ಟ್ರಿಮೋನಿಯಂ ಕ್ಲೋರೈಡ್ ಥರದವು ಪಾಸಿಟಿವ್, ಹಾಗಾಗಿ ಎಲ್ಲಿ ಹಾಳಾಗಿದೆಯೋ ಅಲ್ಲೇ ಹೆಚ್ಚು ಹೋಗಿ ಕೂತ್ಕೊಳುತ್ತೆ. ಬುಡಕ್ಕೆ ಬೇಡ, ಕಿವಿಯಿಂದ ಕೆಳಗೆ ಹಚ್ಚಿ, ಎರಡು ನಿಮಿಷ ಬಿಡಿ. ಶಾಂಪೂ ಉಲ್ಟಾ, ಬುಡಕ್ಕೆ ಮಾತ್ರ ಹಚ್ಚಿ, ಕೆಳಗೆ ಹರಿಯೋ ನೊರೆ ತುದಿಗೆ ಸಾಕು.

ಕೊಬ್ಬರಿ ಎಣ್ಣೆಗೆ ಮಾತ್ರ ನಿಜವಾದ ಆಧಾರ ಇದೆ. 2003ರಲ್ಲಿ ಒಂದು ಅಧ್ಯಯನ ಬಂತು, ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ರು, ತೊಳೆಯೋ ಮುಂಚೆ ಹಚ್ಚಿದ್ರೂ ಆಮೇಲೆ ಹಚ್ಚಿದ್ರೂ ಕೂದಲಿಂದ ಪ್ರೋಟೀನ್ ಹೋಗೋದನ್ನ ಕಮ್ಮಿ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಸಿಡ್ ಅಣು ನೇರ, ಸಣ್ಣದು, ಕೂದಲ ಒಳಗೆ ಇಳಿಯುತ್ತೆ. ಅಧ್ಯಯನ ಮಾಡಿದವರು ಪ್ಯಾರಾಚೂಟ್ ಎಣ್ಣೆಯ ಮ್ಯಾರಿಕೋ ಕಂಪನಿಯವರೇ ಅನ್ನೋದನ್ನೂ ಹೇಳ್ಬಿಡ್ತೀನಿ, ಆದ್ರೆ ಎಣ್ಣೆ ಒಳಗಿಳಿಯುತ್ತೆ ಅನ್ನೋದನ್ನ ಆಮೇಲೆ ಬೇರೆಯವರೂ ನೋಡಿದಾರೆ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಉದ್ದಕ್ಕೂ ತುದಿಗೂ ಹಚ್ಚಿ. ಆದ್ರೆ ಎಣ್ಣೆಯಿಂದ ಕೂದಲು ಬೇಗ ಬೆಳೆಯುತ್ತೆ ಅಂತ ಅಲ್ಲ, ಇರೋದು ಸವೆಯೋದು ಕಮ್ಮಿ ಆಗುತ್ತೆ. ತಲೆಹೊಟ್ಟು ಇದ್ರೆ ಬುಡಕ್ಕೆ ರಾತ್ರಿಯೆಲ್ಲಾ ಎಣ್ಣೆ ಬೇಡ, ಹೊಟ್ಟಿಗೆ ಕಾರಣ ಆಗೋ ಯೀಸ್ಟ್‌ಗೆ ಅದೇ ಊಟ.

ನಿಮ್ಮ ಲಿಸ್ಟಲ್ಲಿ ನನಗೆ ದೊಡ್ಡ ಕಳ್ಳ ಅನ್ಸಿದ್ದು ನೀರೂ ಅಲ್ಲ ಶಾಂಪೂನೂ ಅಲ್ಲ. ಹೈಲೈಟ್ಸ್, ಅದರ ಮೇಲೆ ಒದ್ದೆ ಕೂದಲಿಗೆ ಸ್ಟ್ರೇಟ್ನರ್. ಬ್ಲೀಚ್ ಮಾಡಿದಾಗ ಕೂದಲಿನ ಹೊರಮೈಗೆ ಅಂಟಿಕೊಂಡಿರೋ ಸಹಜ ಜಿಡ್ಡಿನ ಪದರ ಹೋಗ್ಬಿಡುತ್ತೆ, ಒಳಗಿನ ಪ್ರೋಟೀನ್ ಕೊಂಡಿಗಳೂ ಒಡೆಯುತ್ತೆ, ಅದು ವಾಪಸ್ ಬರಲ್ಲ. ಇನ್ನು ಒಳಗೆ ನೀರಿರೋ ಕೂದಲನ್ನ ಕಾದ ಪ್ಲೇಟಲ್ಲಿ ಒತ್ತಿದ್ರೆ ನೀರು ಆವಿಯಾಗಿ ಕೂದಲ ಒಳಗೇ ಗುಳ್ಳೆ ಏಳುತ್ತೆ, ಮೈಕ್ರೋಸ್ಕೋಪಲ್ಲಿ ಸ್ಪಷ್ಟವಾಗಿ ಕಾಣುತ್ತೆ, ಬಬಲ್ ಹೇರ್ ಅಂತಾನೇ ಹೆಸರಿದೆ. ಗುಳ್ಳೆ ಇರೋ ಕಡೆ ಕೂದಲು ಮುರಿಯುತ್ತೆ. ಚುಂಯ್ ಅಂತ ಸದ್ದು ಬಂದ್ರೆ ಅದೇ.

ಕೆರಟಿನ್ ಟ್ರೀಟ್‌ಮೆಂಟ್ ಅಂದ್ರೆ ಕೂದಲಿಗೆ ಪ್ರೋಟೀನ್ ತುಂಬಿಸೋದು ಅಂತ ಜನ ಅಂದ್ಕೊಂಡಿದಾರೆ. ನೇರ ಮಾಡೋ ಕೆಲಸ ಮಾಡೋದು ಫಾರ್ಮಾಲ್ಡಿಹೈಡ್ ಬಿಡೋ ಪದಾರ್ಥ ಇಲ್ಲಾ ಗ್ಲೈಆಕ್ಸಿಲಿಕ್ ಆಸಿಡ್, ಜೊತೆಗೆ ಜೋರು ಶಾಖ. ಗ್ಲೈಆಕ್ಸಿಲಿಕ್ ಇರೋದನ್ನ ಮಾಡಿಸ್ಕೊಂಡ ಕೆಲವರಿಗೆ ಕಿಡ್ನಿಗೇ ಪೆಟ್ಟು ಬಿದ್ದ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ದುಡ್ಡು ಕೊಟ್ಟು ಯಾಕೆ?

ಗಡಸು ನೀರಿಂದ ಕೂದಲು ಒರಟಾಗುತ್ತೆ, ಸಿಕ್ಕು ಜಾಸ್ತಿ, ಬಾಚುವಾಗ ಮುರಿಯುತ್ತೆ, ಅಷ್ಟರ ಮಟ್ಟಿಗೆ ನಿಜ. ಸೋಪ್ ಹಚ್ಚಿ ತಲೆ ತೊಳೀಬೇಡಿ, ಗಡಸು ನೀರಲ್ಲಿ ಸೋಪು ಬಿಳಿ ಕೊಳೆಯಾಗಿ ಕೂದಲಿಗೇ ಹಿಡಿಯುತ್ತೆ. ಕೊನೇ ಒಂದು ಜಗ್ ಕುಡಿಯೋ ನೀರಿನ ಆರ್‌ಒ ಫಿಲ್ಟರಿಂದ ಹಾಕ್ಕೊಳಿ ಸಾಕು.

ತೀರ್ಥಳ್ಳಿ_ಹುಡ್ಗಿ:

ಅಯ್ಯೋ ಇಷ್ಟೊಂದು ಬರೆದಿದೀರಲ್ಲ, ಎಲ್ರಿಗೂ ಥ್ಯಾಂಕ್ಸ್. ಆ ಚುಂಯ್ ಸದ್ದು ನಂಗೆ ದಿನಾ ಬರುತ್ತೆ, ನಾನು ಅದು ಸ್ಟ್ರೇಟ್ನರ್ ಚೆನ್ನಾಗಿ ಕಾದಿದೆ ಅನ್ನೋದಕ್ಕೆ ಸೂಚನೆ ಅಂದ್ಕೊಂಡಿದ್ದೆ 😭

ಅಕ್ಕ ಹೇಳಿದಂಗೆ ಪೇಪರ್ ಮೇಲೆ ಹರಡಿ ನೋಡ್ದೆ, ಬಿಳಿ ಗಂಟಿರೋ ಉದ್ದ ಕೂದ್ಲು ಸ್ವಲ್ಪ, ಗಿಡ್ಡ ತುಂಡುಗಳೇ ರಾಶಿ. ಮುರಿಯೋದೇ ಅಂತಾಯ್ತು. ಆದ್ರೆ ಬೆಳಿಗ್ಗೆ ಒಣಗಿಸೋಕೆ ಟೈಮೇ ಇಲ್ಲ ಏನ್ ಮಾಡ್ಲಿ? ಮತ್ತೆ ಹೆಲ್ಮೆಟ್ ಹಾಕಿದಾಗ ಕತ್ತಿನ ಹಿಂದೆ ಎಲ್ಲಾ ಉಂಡೆ ಉಂಡೆ ಸಿಕ್ಕಾಗುತ್ತೆ ಅದಕ್ಕೇನಾದ್ರೂ ಇದ್ಯಾ?

ಜುಟ್ಟು_ಮಂಡ್ಯ:

ಅಕ್ಕೋ ಹೆಲ್ಮೆಟ್ ವಿಷ್ಯ ನನ್ನ ಕೇಳಿ. ನಾನು ಗಂಡ್ಸು, ಬೆನ್ನು ಮುಚ್ಚೋವಷ್ಟು ಕೂದ್ಲು, ದಿನಾ ಬೈಕು. ಊರಿಗೋದ್ರೆ ಏನ್ಲಾ ಮಾದಪ್ಪಂಗೆ ಹರಕೆ ಹೊತ್ತಿದ್ದೀಯಾ ಅಂತಾರೆ, ಹೂಂ ಅಂತೀನಿ, ಅಲ್ಲಿಗೆ ಮಾತು ಮುಗೀತದೆ.

ಬಿಟ್ಟ ಕೂದ್ಲಲ್ಲಿ ಗಾಡಿ ಮೇಲೆ ಕೂತ್ರೆ ಗಾಳಿಗೆ ಗಂಟಾಗೋದು ಗ್ಯಾರಂಟಿ. ಕತ್ತಿನ ಹತ್ರ ತಗ್ಗಲ್ಲಿ ಸಡಿಲ ಜಡೆ ಹಾಕಿ ಜಾಕೆಟ್ ಒಳಕ್ಕೆ ಬಿಟ್ಕಳಿ, ಹೊರಗೆ ಬಿಟ್ರೆ ಕಾಲರ್ರೂ ಬ್ಯಾಗಿನ ಪಟ್ಟೀನೂ ಉಜ್ಜಿ ಉಜ್ಜಿ ತುದಿ ತಿಂದ್ಬುಡ್ತವೆ. ತಲೆ ಮೇಲೆ ತುರುಬು ಕಟ್ಕಂಡು ಅದ್ರ ಮೇಲೆ ಹೆಲ್ಮೆಟ್ ಒತ್ಬೇಡಿ, ಕೂದ್ಲಿಗೂ ಕಷ್ಟ, ಹೆಲ್ಮೆಟ್ಟೂ ಸರ್ಯಾಗಿ ಕೂರಲ್ಲ, ಬಿದ್ರೆ ತಲೆನೇ ಇರಲ್ಲ ಇನ್ನ ಕೂದ್ಲೆಲ್ಲಿ. ಒಳಗೆ ಸ್ಯಾಟಿನ್ ಬಟ್ಟೇದು ತೆಳ್ಳನೆ ಟೋಪಿ ಇಲ್ಲಾ ಸ್ಕಾರ್ಫ್ ಹಾಕ್ಕಳಿ, ಹೆಲ್ಮೆಟ್ ಒಳಗಿನ ಸ್ಪಂಜು ಉಜ್ಜಲ್ಲ. ದಿಂಬಿನ ಕವರ್ರೂ ಅದೇ ಥರದ್ದು ಹಾಕಿ, ಹಳೇ ಸಿಲ್ಕ್ ದುಪ್ಪಟ್ಟಾ ಸುತ್ತಿದ್ರೂ ನಡೀತದೆ. ಒದ್ದೆ ತಲೆಗೆ ಹೆಲ್ಮೆಟ್ ಹಾಕ್ಲೇಬೇಡಿ.

ಇನ್ನೊಂದು, ತೆಳ್ಳನೆ ರಬ್ಬರ್ ಬ್ಯಾಂಡು ಬರ್ತದಲ್ಲ ದುಡ್ಡಿನ ಕಂತೆಗೆ ಹಾಕೋದು, ಅದನ್ನ ಕೂದ್ಲಿಗೆ ಹಾಕೋದು ಪಾಪ. ಬಟ್ಟೆ ಸುತ್ತಿರೋ ದಪ್ಪ ಬ್ಯಾಂಡ್ ತಗಳಿ, ದಿನಾ ಒಂದೇ ಜಾಗಕ್ಕೆ ಬಿಗಿದು ಕಟ್ಟಬೇಡಿ, ಆ ಜಾಗದಲ್ಲೇ ಸುತ್ತ ಒಡೀತದೆ. ಬಿಗಿ ಎಳೆದು ಕಟ್ಟಿ ಕಟ್ಟಿ ಹಣೆ ಪಕ್ಕ ಕೂದ್ಲೇ ಹೋಗಿರೋರನ್ನ ನೋಡಿದೀನಿ, ಅದು ವಾಪಸ್ ಬರೋದು ಕಷ್ಟ. ಅಕ್ಕೋರು ಹೇಳಿದ ಚಿಗರಿ ಪುಡಿ ನಮ್ಮ ಕಡೆ ಚುಜ್ಜಲು ಪುಡಿ ಅಂತ ಸಿಗ್ತದೆ, ಮೈಸೂರು ಮಂಡ್ಯ ಗ್ರಂಧಿಗೆ ಅಂಗಡೀಲಿ ಕೇಳಿ.

ಕತ್ರಿ_ಅಕ್ಕ:

ಟೈಮ್ ಇಲ್ಲ ಅನ್ನೋದಕ್ಕೆ, ತಲೆಸ್ನಾನ ಬೆಳಿಗ್ಗೆಯಿಂದ ಸಂಜೆಗೆ ಹಾಕ್ಕೋ. ಕೆಲಸದಿಂದ ಬಂದ ಕೂಡ್ಲೇ ಮಾಡಿದ್ರೆ ಮಲಗೋ ಹೊತ್ತಿಗೆ ಫ್ಯಾನ್ ಗಾಳೀಲಿ ಒಣಗುತ್ತೆ. ದಿನ ಬಿಟ್ಟು ದಿನದ ಬದಲು ವಾರಕ್ಕೆರಡು ಸಲ ಸಾಕು, ನಡುವೆ ಹೊರಗೆ ಹೋಗುವಾಗ ದುಪ್ಪಟ್ಟಾ ಸುತ್ಕೊಂಡ್ರೆ ಧೂಳೂ ಕಮ್ಮಿ. ನಿನ್ನದು ಗುಂಗುರು ಕೂದ್ಲಾ? ಹಂಗಿದ್ರೆ ಒಣಗಿದ ಮೇಲೆ ಬಾಚು ಅನ್ನೋ ಮಾತು ನಿಂಗಲ್ಲ, ಗುಂಗುರಿಗೆ ಕಂಡೀಷನರ್ ಇರುವಾಗ್ಲೇ ಒದ್ದೇಲಿ ಬೆರಳಲ್ಲೋ ಅಗಲ ಬಾಚಣಿಗೇಲೋ ಬಿಡಿಸೋದು ಒಳ್ಳೇದು, ಒಣಗಿದ್ಮೇಲೆ ಬಾಚಿದ್ರೆ ಮುರಿಯೋದು ಜಾಸ್ತಿ.

ತುದಿ ಅಂದ್ರೆ ಏನು ಅಂತ ಲೆಕ್ಕ ಹಾಕಿ ನೋಡು. ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಅಂದ್ರೆ ಅರ್ಧ ಬೆನ್ನಿನಲ್ಲಿರೋ ತುದಿ ಮೂರ್ನಾಲ್ಕು ವರ್ಷ ಹಳೇದು, ಸೊಂಟದಲ್ಲಿರೋದು ಐದಾರು ವರ್ಷದ್ದು. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ದಿಂಬು ಎಲ್ಲಾ ಆ ತುದಿ ತಡ್ಕೊಂಡಿರುತ್ತೆ. ಬುಡಕ್ಕೆ ಮಾಡೋ ಉಪಚಾರಕ್ಕಿಂತ ತುದಿಗೆ ಮಾಡೋ ಮರ್ಯಾದೆನೇ ಉದ್ದ ಕೊಡೋದು. ಒಂದೊಂದು ಕೂದ್ಲು ಎರಡರಿಂದ ಆರು ವರ್ಷ ಬೆಳೆದು ತಾನೇ ಉದುರುತ್ತೆ, ಅದು ಹುಟ್ಟಿನಿಂದ ಬಂದಿದ್ದು, ಎಲ್ಲರಿಗೂ ಮೊಣಕಾಲುದ್ದ ಬರಲ್ಲ. ನಿಂಗೆ ಸೊಂಟ ದಾಟಿತ್ತು ಅಂದ್ಯಲ್ಲ, ಅಲ್ಲಿಗೆ ನಿನ್ನ ಶಕ್ತಿ ಅಷ್ಟಿದೆ ಅಂತಾಯ್ತು.

ಕುಡ್ಲ_ಲ್ಯಾಬ್:

ಬಯೋಟಿನ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ ಮಾರಾಯ್ರೆ, ನಾನು ಹೇಳ್ತೇನೆ. ನಾನು ಮಂಗಳೂರಲ್ಲಿ ಬ್ಲಡ್ ಟೆಸ್ಟ್ ಲ್ಯಾಬಲ್ಲಿ ಕೆಲಸ ಮಾಡುವುದು. ನಿಜವಾದ ಬಯೋಟಿನ್ ಕೊರತೆ ತುಂಬಾ ಅಪರೂಪ, ಕೊರತೆ ಇಲ್ಲದವರಿಗೆ ಆ ಮಾತ್ರೆಯಿಂದ ಕೂದಲು ಉದ್ದ ಆಗ್ತದೆ ಅನ್ನಲಿಕ್ಕೆ ಗಟ್ಟಿ ಆಧಾರ ಇಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಉಂಟು, ಹೆಚ್ಚಿನ ಡೋಸ್ ಬಯೋಟಿನ್ ತಿಂದು ರಕ್ತ ಕೊಟ್ಟರೆ ಕೆಲವು ಮೆಷಿನುಗಳಲ್ಲಿ ಥೈರಾಯ್ಡ್ ರಿಪೋರ್ಟೇ ತಪ್ಪು ಬರ್ತದೆ, ಹಾರ್ಟ್ ಅಟ್ಯಾಕ್ ನೋಡುವ ಟ್ರೋಪೋನಿನ್ ಟೆಸ್ಟ್ ಕೂಡ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ತಿನ್ನುವವರು ಟೆಸ್ಟಿಗೆ ಬರುವ ಮೊದಲು ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ.

ಇವರದ್ದು ಮುರಿಯುವುದು, ಸರಿ. ಆದರೆ ಇದನ್ನು ಓದುವ ಬೇರೆಯವರಿಗೆ ಬಿಳಿ ಗಂಟಿನ ಉದ್ದ ಕೂದಲೇ ಗೊಂಚಲು ಗೊಂಚಲು ಬರ್ತಾ ಇದ್ದರೆ ಅದು ಕತ್ತರಿ ಕಂಡೀಷನರಿನ ವಿಷಯ ಅಲ್ಲ. ಡೆಂಗ್ಯೂ, ಟೈಫಾಯ್ಡ್ ಥರದ ಜೋರು ಜ್ವರ ಬಂದು, ಇಲ್ಲ ಬಾಣಂತನ ಆಗಿ ಎರಡು ಮೂರು ತಿಂಗಳಿಗೆ ಹಾಗೆ ಉದುರುವುದುಂಟು, ಹೆಚ್ಚಾಗಿ ತಾನೇ ಸರಿ ಆಗ್ತದೆ. ಅಂಥದ್ದೇನೂ ಆಗದೆ ಉದುರಿದರೆ, ಬೈತಲೆ ಅಗಲ ಆಗ್ತಾ ಇದ್ದರೆ ಡಾಕ್ಟರಿಗೆ ತೋರಿಸಿ, ಅವರು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಟಿಎಸ್ಎಚ್ (ಥೈರಾಯ್ಡ್) ಟೆಸ್ಟ್ ಬರೆದುಕೊಡ್ತಾರೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರಲ್ಲಿ ಕಬ್ಬಿಣದ ಅಂಶ ನೆಲ ಕಚ್ಚಿರುವುದನ್ನು ನಾವು ಎಷ್ಟೋ ನೋಡ್ತೇವೆ. ಪೀಜಿಯಲ್ಲಿ ಇರುವುದು ಅಂದ್ರಲ್ಲ, ಕಾಳು, ಮೊಟ್ಟೆ, ಸೊಪ್ಪು ಏನಾದ್ರೂ ಹೊರಗಿನಿಂದಾದ್ರೂ ತಿನ್ನಿ.

ಹುಬ್ಬಳ್ಳಿ_ಅಕ್ಕೋರು:

ಪಿಎಚ್ ಏಳು ಅವರ, ಎಣ್ಣಿ ಒಂದೆರಡ ತಾಸ ಸಾಕಂತೀರಿ, ನಾವು ರಾತ್ರಿಯೆಲ್ಲಾ ಹಚ್ಕೊಂಡ ಮಲಗಿದವ್ರು. ನನ್ನ ಹೆರಳ ಈಗೂ ಸೊಂಟ ದಾಟತದ ನೋಡ್ರಿ.

ಪಿಎಚ್_ಏಳು:

ಅಕ್ಕೋರೆ, ನೀವು ಸ್ಟ್ರೇಟ್ನರ್ ಮುಟ್ಟಿಲ್ಲ, ಬ್ಲೀಚ್ ಮಾಡಿಸಿಲ್ಲ, ಬಿಗಿಯಾಗಿ ಜಗ್ಗಿಲ್ಲ, ವಾರಕ್ಕೊಮ್ಮೆ ತೊಳೆದಿದೀರಿ. ಕ್ರೆಡಿಟ್ ಎಲ್ಲಾ ಎಣ್ಣೆಗೇ ಯಾಕೆ ಕೊಡ್ತೀರಿ? ಹೊಟ್ಟಿಲ್ಲ ಅಂದ್ರೆ ರಾತ್ರಿ ಹಚ್ಚಿದ್ರೂ ತೊಂದರೆ ಇಲ್ಲ, ನನ್ನ ತಕರಾರಿಲ್ಲ.

ತೀರ್ಥಳ್ಳಿ_ಹುಡ್ಗಿ:

ನಂದು ಗುಂಗುರಲ್ಲ ಅಕ್ಕ, ಸ್ವಲ್ಪ ಅಲೆ ಅಲೆ ಅಷ್ಟೇ. ಸರಿ ಸ್ಟ್ರೇಟ್ನರ್ ಊರಿಗೆ ಕಳಿಸ್ತೀನಿ, ಕೈಲಿದ್ರೆ ಮತ್ತೆ ಹಚ್ತೀನಿ. ಹೈಲೈಟ್ಸ್ ಆಗಿರೋ ಭಾಗಕ್ಕೆ ಏನ್ ಮಾಡೋದು, ಪೂರ್ತಿ ಕತ್ತರಿಸಿದ್ರೆ ಹೆಗಲಿಗೆ ಬರುತ್ತೆ, ಅಮ್ಮ ಮನೆಗೆ ಸೇರಿಸಲ್ಲ 😅

ಕತ್ರಿ_ಅಕ್ಕ:

ಪೂರ್ತಿ ಬೇಡ. ಬುಡದಿಂದ ಹೊಸ ಕೂದ್ಲು ವರ್ಷಕ್ಕೆ ಐದಿಂಚು ಬರುತ್ತೆ, ಅದು ಬರ್ತಾ ಬರ್ತಾ ಕೆಳಗಿಂದ ಒಂದೊಂದಿಂಚು ತೆಗೀತಾ ಹೋಗು. ಉದ್ದ ಮೊದಲ ವರ್ಷ ಅಷ್ಟೇನೂ ಇಳಿಯಲ್ಲ, ಜಡೆ ತುದಿ ಮಾತ್ರ ದಪ್ಪ ಆಗುತ್ತೆ. ಅಲ್ಲೀವರೆಗೂ ಆ ಬ್ಲೀಚ್ ಭಾಗಕ್ಕೆ ತೊಳೆಯೋ ಮುಂಚೆ ಎಣ್ಣೆ, ತೊಳೆದ ಮೇಲೆ ಕಂಡೀಷನರ್, ಒಣಗಿದ ಮೇಲೆ ತುದಿಗೆ ಎರಡು ತೊಟ್ಟು ಡೈಮೆಥಿಕೋನ್ (ಜಾರಿಕೆ ಕೊಡೋ ಸಿಲಿಕೋನ್) ಇರೋ ಸೀರಮ್. ಪಾರ್ಲರಲ್ಲಿ ಕೂತಾಗ ಲೆವೆಲ್ ಮಾಡಿ ಅನ್ಬೇಡ, ಬೆರಳಿಟ್ಟು ಇಷ್ಟೇ ಅಂತ ತೋರ್ಸು, ಕನ್ನಡೀಲಿ ಅಲ್ಲ, ಕೂದ್ಲ ಮೇಲೆ.